ಅಂಗಳದ ಕಳೆಗೆ ತರಗೆಲೆಯ ಹೊದಿಕೆ

ಮೃಗಶಿರಾ ಮಳೆ ನಾಲ್ಕು ದಿನ ಹನಿದರೆ ಸಾಕು, ಪುಣೆಯ ಅಂಗಳಗಳಲ್ಲಿ ನಾವು ನೆಟ್ಟ ಗಿಡಗಳಿಗಿಂತ ಮೊದಲು ಕಳೆಯೇ ತಲೆಯೆತ್ತುತ್ತದೆ. ಅದರಲ್ಲಿಯೂ ಕಾಂಗ್ರೆಸ್ ಹುಲ್ಲೆಂದು ನಾವೆಲ್ಲ ಕರೆಯುವ ಪಾರ್ಥೇನಿಯಂ. ಸ್ವತಂತ್ರ ಭಾರತದಲ್ಲಿ ಈ ಗಿಡ ಸಸ್ಯವಿಜ್ಞಾನಿಗಳ ಗಮನಕ್ಕೆ ಮೊದಲು ಬಂದುದು 1950ರ ದಶಕದಲ್ಲಿ, ಇದೇ ಪುಣೆಯಲ್ಲಿ. ಒಂದೇ ಗಿಡ ಸಾವಿರಾರು ಬೀಜಗಳನ್ನು ಉದುರಿಸಬಲ್ಲುದು.

ನಾವೂ ಬಹುಕಾಲ ಕಿತ್ತೆಸೆಯುವ ದಾರಿಯನ್ನೇ ಹಿಡಿದಿದ್ದೆವು. ಕೀಳುತ್ತಿದ್ದವರು ನಾವಲ್ಲ, ನಮ್ಮ ಸೊಸೈಟಿಯ ಮಾಳಿ ಕಾಕಾ. ಒಂದು ಮಳೆಗಾಲದಲ್ಲಿ ಅವರ ಮೊಣಕೈವರೆಗೆ ಕೆಂಪು ಗಂದೆಗಳೆದ್ದು, ಚರ್ಮವೈದ್ಯರು ಈ ಗಿಡವನ್ನು ಬರಿಗೈಯಿಂದ ಮುಟ್ಟಕೂಡದೆಂದರು. ತೋಟದ ಕೆಲಸವೇ ಜೀವನೋಪಾಯವಾದವರಿಗೆ ಇದು ಸಣ್ಣ ಮಾತಲ್ಲ.

ಆಗ ನಮಗೆ ನೆನಪಾದುದು ಮಲೆನಾಡಿನ ಅಡಿಕೆ ತೋಟ. ಶಿರಸಿ, ಸಾಗರಗಳ ಕಡೆ ಸೊಪ್ಪಿನ ಬೆಟ್ಟದಿಂದ ಸೊಪ್ಪು, ದರಕು ತಂದು ಮರದ ಬುಡಕ್ಕೆ ಹಾಸುವುದು ತಲೆತಲಾಂತರದ ಪದ್ಧತಿ. ಅದರ ಗುಟ್ಟು ಸರಳ. ಸಣ್ಣ ಬೀಜದ ಕಳೆಗಳು ಮಣ್ಣಿನ ಮೇಲ್ಪದರದಲ್ಲಿಯೇ ಮೊಳೆಯುತ್ತವೆ. ಬೆಳಕು ತಾಕದಿದ್ದರೆ ಅನೇಕವು ಮೊಳೆಯುವುದೇ ಇಲ್ಲ. ಮೊಳೆತರೂ ಬೀಜದಲ್ಲಿದ್ದ ಅಲ್ಪ ಆಹಾರ ಹೊದಿಕೆಯನ್ನು ದಾಟುವಷ್ಟರಲ್ಲಿ ಮುಗಿದಿರುತ್ತದೆ. ಬ್ಯಾಂಕಿನವರ ಭಾಷೆಯಲ್ಲಿ ಹೇಳುವುದಾದರೆ, ಶಿಲ್ಕು ತೀರಿದ ಖಾತೆ!

ಮೊದಲ ಪ್ರಯತ್ನದಲ್ಲಿ ನಾವು ಎಡವಿದೆವು. ಲಾನಿನಿಂದ ಕತ್ತರಿಸಿದ ಹಸಿ ಹುಲ್ಲನ್ನು ಅರ್ಧ ಅಡಿ ದಪ್ಪಕ್ಕೆ ಒಟ್ಟಿದೆವು. ಅದು ಒತ್ತಾಗಿ ಅಂಟಿ, ಒಳಗೊಳಗೇ ಬಿಸಿಯೇರಿ ನಾರತೊಡಗಿತು. ಟೊಮೇಟೊ ಸಸಿಗಳ ಬುಡ ಕೊಳೆಯಿತು. ಹುಲ್ಲನ್ನು ಎರಡು ದಿನ ಬಿಸಿಲಿಗೆ ಹರಡಿ, ಒಮ್ಮೆಗೆ ಎರಡು ಬೆರಳಿನಷ್ಟು ಮಾತ್ರ ಹಾಸಬೇಕು. ತೆನೆಗಟ್ಟಿದ ಹುಲ್ಲು ಬೇಡವೇ ಬೇಡ. ಕಳೆಯನ್ನು ನಾವೇ ಬಿತ್ತಿದಂತಾಗುತ್ತದೆ. ಒಣಗಿದ ತರಗೆಲೆಯಾದರೆ ನಾಲ್ಕು ಬೆರಳು ದಪ್ಪವಿರಲಿ. ಇದ್ದ ಕಳೆ ತೆಗೆದು, ನೆಲ ನೆನೆಸಿ, ಅನಂತರ ಹಾಸುವುದು ಲೇಸು. ಕಾಂಡದ ಸುತ್ತ ನಾಲ್ಕು ಬೆರಳು ಜಾಗ ಬಿಡದಿದ್ದರೆ ಕೊಳೆ, ಗೆದ್ದಲು ತಪ್ಪವು. ಹಠಮಾರಿ ಕಳೆಯಿದ್ದಲ್ಲಿ ಎಲೆಯ ಕೆಳಗೆ ಹಳೆಯ ವೃತ್ತಪತ್ರಿಕೆಯ ಆರೆಂಟು ಹಾಳೆಗಳನ್ನು ಒದ್ದೆ ಮಾಡಿ ಹಾಸಬಹುದು.

ಜೇಕು ಮಾತ್ರ ಇದಕ್ಕೆ ಬಗ್ಗದು. ನೆಲದೊಳಗಿನ ಗಡ್ಡೆಯ ಬಲದಿಂದ ಅದು ಪ್ಲಾಸ್ಟಿಕ್ ಹಾಳೆಯನ್ನೇ ತೂತುಮಾಡಿ ಮೇಲೇಳುತ್ತದೆ. ಅಗೆದು ಗಡ್ಡೆ ಆಯದೆ ಗತ್ಯಂತರವಿಲ್ಲ. ಗರಿಕೆಯ ಕಥೆಯೂ ಹೆಚ್ಚುಕಡಿಮೆ ಅದೇ.

ಇಷ್ಟೊಂದು ಎಲೆ ಎಲ್ಲಿಂದ ತರುವುದೆಂದು ಕೆಲವರು ಕೇಳುತ್ತಾರೆ. ಫಾಲ್ಗುಣ, ಚೈತ್ರಗಳಲ್ಲಿ ನಮ್ಮ ರಸ್ತೆಗಳ ಬದಿಯನ್ನು ನೋಡಿದರೆ ಸಾಕು! 2016ರ ಘನತ್ಯಾಜ್ಯ ನಿಯಮಗಳು ಬಯಲಲ್ಲಿ ಕಸ ಸುಡುವುದನ್ನು ನಿಷೇಧಿಸಿದ ಮೇಲೆಯೂ ಎಲೆರಾಶಿಗೆ ಬೆಂಕಿಯಿಡುವವರು ಇದ್ದಾರೆ. ಪುಣೆಯಲ್ಲಿ ಅದಿತಿ ದೇವಧರ್ ಅವರು ಆರಂಭಿಸಿದ 'ಬ್ರೌನ್ ಲೀಫ್' ಬಳಗ ಎಲೆ ಹೆಚ್ಚಾದವರನ್ನೂ ಎಲೆ ಬೇಕಾದವರನ್ನೂ ಒಂದುಗೂಡಿಸುತ್ತ ಬಂದಿದೆ. ನಾವು ನೆರೆಮನೆಗಳ ಎಲೆಯನ್ನು ಗೋಣಿಚೀಲಗಳಲ್ಲಿ ತುಂಬಿ ಜ್ಯೇಷ್ಠದವರೆಗೆ ಕಾಯ್ದಿಡುತ್ತೇವೆ.

ಕಳೆದ ಮಳೆಗಾಲದಲ್ಲಿ ಎಲೆಯ ಸಂದಿಯಿಂದ ಮೇಲೆದ್ದ ಕಾಂಗ್ರೆಸ್ ಗಿಡಗಳು ಬೆರಳೆಣಿಕೆಯಷ್ಟು. ಹೂ ಬಿಡುವ ಮುನ್ನ ನಾವೇ ಕೈಚೀಲ ತೊಟ್ಟು ಅವನ್ನು ಕಿತ್ತೆವು. ಮಾಳಿ ಕಾಕಾ ದೂರದಲ್ಲಿ ನಿಂತು, ಬೇರುಸಹಿತ ಬಂದಿದೆಯೇ ಎಂದು ನಮ್ಮನ್ನು ವಿಚಾರಿಸುತ್ತಿದ್ದರು.