ಕಾಲೆತ್ತಿದರೂ ಇಳಿಯದ ವೇಗ: ಹಳೆಯ ಕಾರಿನ ಆಕ್ಸಿಲರೇಟರ್ ದೋಷ ಪತ್ತೆ ಹೇಗೆ?

ಘಟ್ಟದ ಇಳಿಜಾರಿನ ತಿರುವಿನಲ್ಲಿ ಚಾಲಕ ಆಕ್ಸಿಲರೇಟರಿನಿಂದ ಕಾಲೆತ್ತುತ್ತಾನೆ. ಎಂಜಿನ್ನಿನ ಆರ್ಭಟ ಮಾತ್ರ ತಗ್ಗುವುದಿಲ್ಲ. ಹಳೆಯ ಕಾರುಗಳಲ್ಲಿ ಕಾಣಿಸಿಕೊಳ್ಳುವ ದೋಷಗಳ ಪೈಕಿ ಇದಕ್ಕಿಂತ ಅಪಾಯಕಾರಿಯಾದುವು ಕೆಲವೇ. ಗ್ಯಾರೇಜಿಗೆ ಹೋದರೆ ಸಾಮಾನ್ಯವಾಗಿ ದೊರೆಯುವ ಪರಿಹಾರ ಹೊಸ ಕೇಬಲ್. ಆದರೆ ಹೊಸ ಕೇಬಲ್ ಹಾಕಿಸಿದ ಕೆಲವೇ ವಾರಗಳಲ್ಲಿ ಅದೇ ತೊಂದರೆ ಮರುಕಳಿಸುವುದೂ ಉಂಟು. ಅನೇಕ ವೇಳೆ ದೋಷ ಕೇಬಲಿನಲ್ಲಿ ಕಾಣಿಸಿಕೊಂಡರೂ ಅದರ ಮೂಲ ಬೇರೆಡೆ ಇರುವುದೇ ಇದಕ್ಕೆ ಕಾರಣ.

ರಚನೆ ಹೇಗಿದೆ?

ಇಂದಿನ ಹೊಸ ಕಾರುಗಳಲ್ಲಿ ಪೆಡಲಿನ ಚಲನೆಯನ್ನು ಸೆನ್ಸರ್ ಗ್ರಹಿಸಿ ಕಂಪ್ಯೂಟರಿಗೆ ತಿಳಿಸುತ್ತದೆ. ಹಳೆಯ ಕಾರುಗಳಲ್ಲಿ ಆ ಕೆಲಸ ಮಾಡುವುದು ಒಂದು ಉಕ್ಕಿನ ತಂತಿ. ಈಗ ಹಳೆಯ ಕಾರುಗಳ ಅಭಿಮಾನಿಗಳು ಜತನದಿಂದ ಕಾಪಾಡಿಕೊಳ್ಳುತ್ತಿರುವ ಮಾರುತಿ 800 ಇದಕ್ಕೆ ಉತ್ತಮ ನಿದರ್ಶನ. 1983ರ ಡಿಸೆಂಬರ್ 14ರಂದು ಮೊದಲ ಗ್ರಾಹಕನ ಕೈ ಸೇರಿದ ಈ ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಮೂರು ಸಿಲಿಂಡರಿನ, 796 ಸಿಸಿ ಎಂಜಿನ್ನಿನ ಈ ಕಾರಿನ ಹಳೆಯ ಮಾದರಿಗಳಲ್ಲಿ ಕಾರ್ಬ್ಯುರೇಟರ್ ಇತ್ತು.

ಪೆಡಲಿನ ಮೇಲ್ತುದಿಯಿಂದ ಹೊರಟ ತಂತಿಯು ಎಂಜಿನ್ನಿಗೂ ಚಾಲಕನಿಗೂ ನಡುವಿನ ತಗಡಿನ ಗೋಡೆಯನ್ನು ದಾಟಿ, ಒಂದು ಕವಚದೊಳಗೆ ಸಾಗಿ, ಕಾರ್ಬ್ಯುರೇಟರಿನ ಪಕ್ಕದ ಸಣ್ಣ ಸನ್ನೆಗೆ ಸೇರುತ್ತದೆ. ಸನ್ನೆ ತಿರುಗಿದಾಗ ಒಳಗಿನ ತಟ್ಟೆ ತೆರೆದುಕೊಂಡು ಹೆಚ್ಚು ಗಾಳಿ, ಪೆಟ್ರೋಲು ಎಂಜಿನ್ನಿಗೆ ಹರಿಯುತ್ತವೆ. ಕವಚದೊಳಗೆ ತಂತಿ ಜಾರುವ ಈ ವಿಧಾನಕ್ಕೆ ಅರ್ನೆಸ್ಟ್ ಬೌಡನ್ ಪೇಟೆಂಟ್ ಪಡೆದದ್ದು 1896ರಲ್ಲಿ. ಎಂಜಿನ್ ಹಿಂಬದಿಯಲ್ಲಿರುವ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಈ ತಂತಿ ಕಾರಿನ ಮುಂಭಾಗದಿಂದ ಹಿಂಭಾಗದವರೆಗೂ ಸಾಗುತ್ತದೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. ತಂತಿಗೆ ಎಳೆಯಲು ಬರುತ್ತದೆ, ತಳ್ಳಲು ಬರುವುದಿಲ್ಲ. ತೆರೆದ ತಟ್ಟೆಯನ್ನು ಮುಚ್ಚುವ ಹೊಣೆ ಪೂರ್ತಿಯಾಗಿ ಕಾರ್ಬ್ಯುರೇಟರಿನ ಬಳಿಯ ಸ್ಪ್ರಿಂಗಿನದು. ತುಕ್ಕು, ಧೂಳು, ಬಾಗು ಇವುಗಳಲ್ಲಿ ಯಾವುದಾದರೂ ಆ ಸ್ಪ್ರಿಂಗಿನ ಶಕ್ತಿಯನ್ನು ಮೀರಿದರೆ ತಟ್ಟೆ ತೆರೆದೇ ಉಳಿಯುತ್ತದೆ. ಸಿಕ್ಕಿಕೊಂಡ ಪೆಡಲನ್ನು ಕಾಲಿನಿಂದ ಮೇಲೆತ್ತಿದರೂ ಹಲವು ಬಾರಿ ಪ್ರಯೋಜನವಾಗದಿರುವುದು ಇದರಿಂದಲೇ. ತಂತಿ ಸಡಿಲವಾಗುತ್ತದೆ, ತಟ್ಟೆ ಮುಚ್ಚುವುದಿಲ್ಲ.

ಮೂರು ಭಾಗ, ಮೂರು ಪರೀಕ್ಷೆ

ಪೆಡಲ್, ಕೇಬಲ್, ಕಾರ್ಬ್ಯುರೇಟರ್ ಈ ಮೂರರಲ್ಲಿ ತಪ್ಪು ಯಾವುದರದ್ದೆಂದು ತಿಳಿಯಲು ಅವನ್ನು ಒಂದೊಂದಾಗಿ ಬೇರ್ಪಡಿಸಿ ನೋಡಬೇಕು. ಎಂಜಿನ್ ಆರಿಸಿ, ಅದು ತಣ್ಣಗಾದ ಮೇಲೆ ಈ ಕೆಲಸಕ್ಕೆ ಕೈಹಾಕುವುದು ಕ್ಷೇಮ. ಪೆಟ್ರೋಲಿನ ಸಮೀಪದ ಕೆಲಸವಾದ್ದರಿಂದ ಹತ್ತಿರ ಬೆಂಕಿ ಇರಕೂಡದು.

ಮೊದಲಿಗೆ ಚೋಕ್ ಗುಂಡಿ ಪೂರ್ತಿ ಒಳಗೆ ಹೋಗಿದೆಯೇ ಎಂದು ನೋಡಬೇಕು. ಚೋಕ್ ಅರ್ಧಕ್ಕೆ ನಿಂತರೂ ಎಂಜಿನ್ ಜೋರಾಗಿ ತಿರುಗುತ್ತದೆ. ನಿರಪರಾಧಿಯಾದ ಆಕ್ಸಿಲರೇಟರ್ ಕೇಬಲಿನ ಮೇಲೆ ಅಪವಾದ ಬರುತ್ತದೆ.

ಬಳಿಕ ಏರ್ ಕ್ಲೀನರ್ ತೆಗೆದು, ಕೇಬಲಿನ ತುದಿಯನ್ನು ಕಾರ್ಬ್ಯುರೇಟರಿನ ಸನ್ನೆಯಿಂದ ಬಿಡಿಸಬೇಕು. ಸನ್ನೆಯನ್ನು ಬೆರಳಿನಿಂದ ಪೂರ್ತಿ ತಿರುಗಿಸಿ ಬಿಟ್ಟರೆ ಅದು ‘ಟಕ್’ ಎಂಬ ಸದ್ದಿನೊಂದಿಗೆ ಮೂಲಸ್ಥಾನಕ್ಕೆ ಮರಳಬೇಕು. ನಿಧಾನವಾಗಿ ಮರಳಿದರೆ ಅಥವಾ ನಡುವೆ ನಿಂತರೆ ದೋಷ ಕಾರ್ಬ್ಯುರೇಟರಿನಲ್ಲೇ ಇದೆ. ಅಂಟಿನಂತೆ ಕಟ್ಟಿಕೊಂಡ ಕೊಳೆಯನ್ನು ಕಾರ್ಬ್ಯುರೇಟರ್ ಕ್ಲೀನರಿನಿಂದ ತೊಳೆಯುವುದು, ಸೋತ ಸ್ಪ್ರಿಂಗನ್ನು ಬದಲಿಸುವುದು ಪರಿಹಾರ. ಹಳೆಯ ಸ್ಪ್ರಿಂಗಿನ ಸುರುಳಿ ಕತ್ತರಿಸಿ ಬಿಗಿ ಮಾಡುವುದು ಸಲ್ಲದು.

ಸನ್ನೆ ಸರಿಯಾಗಿದ್ದರೆ ಪೆಡಲಿನ ಕಡೆಯ ತುದಿಯನ್ನೂ ಬಿಡಿಸಿ, ತಂತಿಯನ್ನು ಕವಚದೊಳಗೆ ಹಿಂದೆ ಮುಂದೆ ಎಳೆಯಬೇಕು. ತೊಡಕಿಲ್ಲದೆ ಜಾರಿದರೆ ಉಳಿದದ್ದು ಪೆಡಲ್ ಮಾತ್ರ. ಅದರ ಕೀಲಿಗೆ ತುಕ್ಕು ಹಿಡಿದಿರಬಹುದು, ಪ್ಲಾಸ್ಟಿಕ್ ಬುಷ್ ಸವೆದಿರಬಹುದು, ದಪ್ಪನೆಯ ಮ್ಯಾಟ್ ಅಡ್ಡ ಬಂದಿರಬಹುದು. ಮ್ಯಾಟಿನ ವಿಷಯವನ್ನು ಹಗುರವಾಗಿ ಭಾವಿಸುವಂತಿಲ್ಲ. ಪೆಡಲ್ ಮ್ಯಾಟಿಗೆ ಸಿಕ್ಕಿಕೊಳ್ಳುವ ಅಪಾಯದ ಕಾರಣಕ್ಕಾಗಿಯೇ 2009ರಲ್ಲಿ ಟೊಯೋಟಾ ಕಂಪನಿ ಅಮೆರಿಕದಲ್ಲಿ ಸುಮಾರು 38 ಲಕ್ಷ ಕಾರುಗಳ ಬಗ್ಗೆ ಎಚ್ಚರಿಕೆ ನೀಡಿ ಹಿಂಪಡೆಯುವ ಕ್ರಮ ಪ್ರಕಟಿಸಬೇಕಾಯಿತು.

ಕೇಬಲ್ ಸಾಯುವುದು ಏಕೆ?

ಕೇಬಲ್ ಅನೇಕ ಸಣ್ಣ ಎಳೆಗಳನ್ನು ಹೊಸೆದು ಮಾಡಿದ್ದು. ಪದೇ ಪದೇ ಬಾಗುವ ತುದಿಗಳಲ್ಲಿ ಎಳೆಗಳು ಒಂದೊಂದಾಗಿ ಹರಿಯುತ್ತವೆ. ಹರಿದ ಎಳೆ ಮುಳ್ಳಿನಂತೆ ಎದ್ದು ಕವಚದ ಬಾಯಿಗೆ ಸಿಕ್ಕಿಕೊಳ್ಳುತ್ತದೆ. ಒಂದೇ ಒಂದು ಎಳೆ ಹರಿದಿದ್ದರೂ ಕೇಬಲ್ ಬದಲಿಸಬೇಕು. ಗಂಟು ಹಾಕುವುದು, ಬೆಸುಗೆ ಹಚ್ಚುವುದು ತಾತ್ಕಾಲಿಕ ಉಪಾಯವಾಗಿಯೂ ಅಪಾಯಕರ. ಕರಾವಳಿ, ಮಲೆನಾಡುಗಳಲ್ಲಿ ಮಳೆಗಾಲವಿಡೀ ಓಡಿಸದೆ ನಿಲ್ಲಿಸಿದ ಕಾರುಗಳಲ್ಲಿ ಕವಚದೊಳಗೆ ತೇವ ಸೇರಿ ತುಕ್ಕು ಹಿಡಿಯುವುದು ಮತ್ತೊಂದು ಕಾರಣ.

ಒಳಪದರವಿಲ್ಲದ ಹಳೆಯ ಉಕ್ಕಿನ ಕವಚಕ್ಕೆ ತೆಳುವಾದ ಎಣ್ಣೆ ಹಾಕಬಹುದು. ನೈಲಾನ್ ಒಳಪದರವಿರುವ ಕವಚಕ್ಕೆ ದಪ್ಪ ಗ್ರೀಸ್ ತುಂಬಿದರೆ ಧೂಳು ಮೆತ್ತಿಕೊಂಡು ತೊಂದರೆ ಹೆಚ್ಚುತ್ತದೆ.

ಹೊಸ ಕೇಬಲ್ ಕೂಡ ಬೇಗನೆ ಕೆಡುತ್ತಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕು. ಕೇಬಲ್ ಬಿಸಿಯಾದ ಸೈಲೆನ್ಸರ್ ಕೊಳವೆಗೆ ತಾಗುತ್ತಿರಬಹುದು ಅಥವಾ ಬಿಗಿಯಾಗಿ ಬಾಗಿರಬಹುದು. ಎಂಜಿನ್ನಿನ ರಬ್ಬರ್ ಮೌಂಟಿಂಗ್ ಸೋತಿದ್ದರೆ ಎಂಜಿನ್ ಅಲುಗಿದಾಗಲೆಲ್ಲ ಕೇಬಲ್ ತಾನಾಗಿಯೇ ಎಳೆಯಲ್ಪಡುತ್ತದೆ.

ಎಲ್ಲಕ್ಕಿಂತ ವಿಚಿತ್ರವಾದ ಕಾರಣ ವಿದ್ಯುತ್ತಿನದು. ಎಂಜಿನ್ನನ್ನು ಕಾರಿನ ಬಾಡಿಗೆ ಜೋಡಿಸುವ ದಪ್ಪನೆಯ ಅರ್ತ್ ತಂತಿ ತುಕ್ಕು ಹಿಡಿದರೆ ಅಥವಾ ಕಡಿದುಹೋದರೆ, ಸ್ಟಾರ್ಟರಿಗೆ ಬೇಕಾದ ಭಾರೀ ವಿದ್ಯುತ್ತು ಬೇರೆ ದಾರಿ ಹುಡುಕುತ್ತದೆ. ಎಂಜಿನ್ನಿಗೂ ಬಾಡಿಗೂ ನಡುವೆ ಇರುವ ಲೋಹದ ಸಂಪರ್ಕಗಳಲ್ಲಿ ಆಕ್ಸಿಲರೇಟರ್ ಕೇಬಲ್ ಒಂದು. ಪ್ರತಿ ಬಾರಿ ಕಾರು ಸ್ಟಾರ್ಟ್ ಮಾಡಿದಾಗಲೂ ಕೇಬಲ್ ಕಾದು, ಒಳಪದರ ಕರಗಿ ತಂತಿಯನ್ನು ಹಿಡಿದುಕೊಳ್ಳುತ್ತದೆ. ಸ್ಟಾರ್ಟರ್ ಸೊರಗಿದಂತೆ ತಿರುಗುವುದು, ಸ್ಟಾರ್ಟ್ ಮಾಡಿದೊಡನೆ ಕೇಬಲ್ ಬಿಸಿಯಾಗುವುದು ಇದರ ಲಕ್ಷಣಗಳು. ಬ್ಯಾಟರಿಯ ನೆಗೆಟಿವ್ ತುದಿಯಿಂದ ಎಂಜಿನ್ನಿನ ಲೋಹದ ಭಾಗಕ್ಕೆ ಜಂಪರ್ ಕೇಬಲ್ ಜೋಡಿಸಿ ನೋಡಿದಾಗ ಸ್ಟಾರ್ಟರ್ ಚುರುಕಾದರೆ ಅರ್ತ್ ತಂತಿಯ ದೋಷ ಬಹುತೇಕ ಖಚಿತ. ಅದನ್ನು ಸರಿಪಡಿಸದೆ ಎಷ್ಟು ಕೇಬಲ್ ಬದಲಿಸಿದರೂ ಹಣ ನೀರಿನಲ್ಲಿ ಹೋಮ.

ಹೊಂದಾಣಿಕೆ

ಹೊಸ ಕೇಬಲ್ ಜೋಡಿಸಿದ ಬಳಿಕ ಎಂಜಿನ್ ಬಿಸಿಯಾಗಿ, ಚೋಕ್ ಪೂರ್ತಿ ಒಳಗಿರುವಾಗ ಹೊಂದಿಸಬೇಕು. ಕಾಲು ತೆಗೆದಾಗ ಕೇಬಲಿನಲ್ಲಿ ಅಲ್ಪ ಸಡಿಲವಿರಬೇಕು. ಬಿಗಿಯಾಗಿದ್ದರೆ ಎಂಜಿನ್ನಿನ ಐಡಲಿಂಗ್ ಏರುತ್ತದೆ. ಎಂಜಿನ್ ಆರಿಸಿದ ನಂತರ ಒಬ್ಬರು ಪೆಡಲನ್ನು ಕೊನೆಯವರೆಗೆ ಒತ್ತಿದಾಗ ಸನ್ನೆ ಪೂರ್ತಿ ತೆರೆಯುವುದೇ ಎಂದು ಇನ್ನೊಬ್ಬರು ನೋಡಬೇಕು. ಕಾರಿಗೆ ಏರು ಹತ್ತಲು ಶಕ್ತಿ ಸಾಲದು ಎಂಬ ದೂರಿಗೆ ಕೆಲವೊಮ್ಮೆ ಅತಿ ಸಡಿಲವಾದ ಕೇಬಲ್ ಕಾರಣವಾಗಿರುತ್ತದೆ. ಹೊಂದಿಸಿದ ನಟ್‌ಗಳನ್ನು ಬಿಗಿಮಾಡಿ, ಸ್ಟೀರಿಂಗನ್ನು ಎರಡೂ ಬದಿಗೆ ತಿರುಗಿಸಿ ಮತ್ತೊಮ್ಮೆ ಪರೀಕ್ಷಿಸಿದ ಮೇಲೆಯೇ ರಸ್ತೆಗಿಳಿಯಬೇಕು.

ರಸ್ತೆಯಲ್ಲೇ ಸಿಕ್ಕಿಕೊಂಡರೆ

ಓಡುವ ಕಾರಿನಲ್ಲಿ ಆಕ್ಸಿಲರೇಟರ್ ಸಿಕ್ಕಿಕೊಂಡರೆ ಬಗ್ಗಿ ಪೆಡಲ್ ಎಳೆಯುವ ಸಾಹಸ ಬೇಡ. ಕ್ಲಚ್ ಒತ್ತಿ ಗೇರನ್ನು ನ್ಯೂಟ್ರಲಿಗೆ ತಂದರೆ ಎಂಜಿನ್ ಎಷ್ಟೇ ಅರಚಿದರೂ ಚಕ್ರಗಳಿಗೆ ಶಕ್ತಿ ತಲುಪುವುದಿಲ್ಲ. ಬ್ರೇಕನ್ನು ಬಿಟ್ಟು ಬಿಟ್ಟು ತುಳಿಯದೆ ಒಂದೇ ಸಮನೆ ಒತ್ತಿ ಹಿಡಿಯಬೇಕು. ಬೂಸ್ಟರ್ ಇರುವ ಕಾರುಗಳಲ್ಲಿ ಪದೇ ಪದೇ ತುಳಿದರೆ ಅದರ ನೆರವು ಬರಿದಾಗುತ್ತದೆ. ಕೀಲಿಯನ್ನು ಒಂದು ಹಂತ ಮಾತ್ರ ಹಿಂದಕ್ಕೆ ತಿರುಗಿಸಿ ಎಂಜಿನ್ ಆರಿಸಬೇಕು. ಗಾಬರಿಯಲ್ಲಿ ಕೀಲಿಯನ್ನೇ ಹೊರಗೆಳೆದರೆ ಸ್ಟೀರಿಂಗ್ ಲಾಕ್ ಆಗಿ, ಘಟ್ಟದ ತಿರುವಿನಲ್ಲಿ ಕಾರು ತಿರುಗದೆ ಹೋದೀತು.

ಈ ಕ್ರಮವನ್ನು ಖಾಲಿ ಮೈದಾನದಲ್ಲಿ ನಿಧಾನ ವೇಗದಲ್ಲಿ ಒಮ್ಮೆ ಅಭ್ಯಾಸ ಮಾಡಿಕೊಂಡರೆ ಸಂಕಟದ ಗಳಿಗೆಯಲ್ಲಿ ಕೈಕಾಲು ತಾವಾಗಿಯೇ ನೆನಪಿಸಿಕೊಳ್ಳುತ್ತವೆ. ಕಾರು ನಿಂತ ಬಳಿಕ ಪೆಡಲ್ ತಾನಾಗಿ ಸಡಿಲಗೊಂಡರೂ ದೋಷ ಪತ್ತೆಯಾಗುವವರೆಗೆ ಅದನ್ನು ಮುಂದಕ್ಕೆ ಓಡಿಸಕೂಡದು.