ಹೂಳು ಹೊಲಕ್ಕೆ ಹಾಕೋ ಮುಂಚೆ ನೀರಿನ ದಾರಿ ನೋಡ್ರಿ

ಬೇಸಿಗೆ ಬಂತಂದ್ರೆ ಕೆರೆ, ಹಳ್ಳಗಳ ಹೂಳೆತ್ತುವ ಕೆಲಸ ಶುರು. "ಮಣ್ಣು ಪುಕ್ಕಟೆ, ಬಾಡಿಗೆ ಅಷ್ಟೇ ಕೊಡ್ರಿ" ಅಂತ ಟ್ರ್ಯಾಕ್ಟರ್‌ನವರ ಫೋನ್ ಬರುತ್ತದೆ. ಹೂಳು ಕಪ್ಪಗಿದ್ದರೆ ಫಲವತ್ತಾದದ್ದು ಅಂತ ನಂಬಿಬಿಡ್ತೀವಿ. ಆದರೆ ಬಣ್ಣ ಮುಖ್ಯ ಅಲ್ಲ, ಆ ನೀರು ಎಲ್ಲಿಂದ ಬಂತು ಅನ್ನೋದು ಮುಖ್ಯ.

ಖಾನಾಪುರದ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭಾ ಕಾಡು, ಜಂಬಿಟ್ಟಿಗೆ ಮಣ್ಣಿನ ಗುಡ್ಡ ತೊಳೆದುಕೊಂಡು ಬರುತ್ತದೆ. ಅಂಥ ಕಡೆಯ ಹೂಳಿನಲ್ಲಿ ಜೇಡಿ, ಕೊಳೆತ ಎಲೆ, ಕಬ್ಬಿಣದ ಅಂಶ ಇರುತ್ತವೆ. ಬಳ್ಳಾರಿ ನಾಲಾ ಹಂಗಲ್ಲ. ಅದು ಬೆಳಗಾವಿ ಊರಿನ ಗಟಾರದ ನೀರು ಹೊತ್ತು, ಭತ್ತದ ಗದ್ದೆಗಳ ನಡುವೆ ಹರಿದು ಮಾರ್ಕಂಡೇಯ ನದಿ ಸೇರುತ್ತದೆ. ಮಳೆಗಾಲದಲ್ಲಿ ಉಕ್ಕಿ ಬೆಳೆ ಮುಳುಗಿಸೋದರಿಂದ ಹೂಳು ತೆಗೀರಿ ಅಂತ ರೈತರು ಕೇಳುತ್ತಲೇ ಇದ್ದಾರೆ. ಕೇಳೋದು ಸರಿನೇ. ತೆಗೆದ ಹೂಳು ಎಲ್ಲಿಗೆ ಹೋಗುತ್ತದೆ ಅನ್ನೋದನ್ನೂ ಕೇಳಬೇಕು.

ಯಾಕಂದ್ರೆ ಜೇಡಿಯ ಸಣ್ಣ ಕಣಗಳು ನೀರಿನಲ್ಲಿರುವ ಸತು, ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ಹಿಡಿದುಕೊಂಡು ತಳಕ್ಕೆ ಕೂಡುತ್ತವೆ. ತಳದಲ್ಲಿ ಗಾಳಿ ಇಲ್ಲ. ಅಲ್ಲಿ ಲೋಹಗಳು ಗಂಧಕದ ಜೊತೆ ಬೆಸೆದುಕೊಂಡು ಸುಮ್ಮನೆ ಇರುತ್ತವೆ. ಕೊಳೆತ ಮೊಟ್ಟೆಯ ನಾತ ಬರುವ ಕಪ್ಪು ಕೆಸರು ಅಂದ್ರೆ ಇದೇ. ಅದನ್ನು ಹೊಲಕ್ಕೆ ಹರಡಿ ಒಣಗಿಸಿದಾಗ ಗಾಳಿ ತಾಗಿ ಗಂಧಕ ಆಮ್ಲವಾಗುತ್ತದೆ, ಲೋಹ ಬಿಡುಗಡೆಯಾಗುತ್ತದೆ. ಖಾನಾಪುರದ ಕೆಂಪು ಮಣ್ಣು ಮೊದಲೇ ಹುಳಿ. ಅಲ್ಲಿ ತೊಂದರೆ ಇನ್ನೂ ಹೆಚ್ಚು. ಪಾಲಕದಂಥ ಸೊಪ್ಪು ಕ್ಯಾಡ್ಮಿಯಂ ಬೇಗ ಎಳೆದುಕೊಳ್ಳುತ್ತದೆ. ಭತ್ತವೂ ತೆನೆ ಬರೋ ಹೊತ್ತಿಗೆ ನೀರು ಬಸಿದರೆ ಎಳೆದುಕೊಳ್ಳುತ್ತದೆ.

ಒಂದು ಲೆಕ್ಕ ನೋಡ್ರಿ. ಒಂದು ಎಕರೆಯ ಮೇಲಿನ 15 ಸೆಂ.ಮೀ. ಮಣ್ಣಿನ ತೂಕ ಸುಮಾರು 900 ಟನ್. ಟ್ರಾಲಿಗೆ 3 ಟನ್‌ನಂತೆ 30 ಟ್ರಾಲಿ ಹಾಕಿದರೆ ಹತ್ತರಲ್ಲಿ ಒಂದು ಪಾಲು ಹೊಸ ಮಣ್ಣು. ಗೊಬ್ಬರ ಕರಗುತ್ತದೆ, ಲೋಹ ಕರಗೋದಿಲ್ಲ. ಹಾಕಿದ್ದನ್ನು ವಾಪಸ್ ತೆಗೆಯೋಕೆ ಆಗೋದೇ ಇಲ್ಲ.

ಮೊದಲ ಪರೀಕ್ಷೆ ನಿಮ್ಮ ಕೈಯಾಗಿನ ಫೋನ್‌ನಲ್ಲೇ ಇದೆ. ಮ್ಯಾಪ್‌ನಲ್ಲಿ ಉಪಗ್ರಹ ಚಿತ್ರ ತೆಗೆದು, ಆ ಕೆರೆಗೆ ಸೇರೋ ಹಳ್ಳ ಹಿಡಿದು ಮೇಲಕ್ಕೆ ಹೋಗ್ರಿ. ಬರೀ ಹೊಲ, ಗುಡ್ಡ ಸಿಕ್ಕರೆ ಬಹುಮಟ್ಟಿಗೆ ಚಿಂತೆ ಇಲ್ಲ. ವರ್ಕ್‌ಶಾಪ್, ಕಾರ್ಖಾನೆ, ಬಡಾವಣೆ ಸಿಕ್ಕರೆ ನಿಲ್ಲಬೇಕು. ರಾಮತೀರ್ಥ ನಗರದಂಥ ಬಡಾವಣೆಗಳು ಬೆಳೆದ ಮೇಲೆ, ಅಪ್ಪನ ಕಾಲಕ್ಕೆ ಚೊಕ್ಕ ಇದ್ದ ಹಳ್ಳ ಈಗಲೂ ಹಂಗೇ ಇದೆ ಅನ್ನೋಕಾಗಲ್ಲ.

ಅನುಮಾನ ಇದ್ದರೆ ಐದಾರು ಕಡೆಯಿಂದ ಹೂಳು ತೆಗೆದು ಕಲೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ಪ್ಲಾಸ್ಟಿಕ್ ಚೀಲದಲ್ಲಿ ಲ್ಯಾಬ್‌ಗೆ ಕೊಡ್ರಿ. ತಗಡಿನ ಬಕೆಟ್ ಬ್ಯಾಡ, ಅದರ ಸತುವೇ ಮಣ್ಣಿಗೆ ಸೇರುತ್ತದೆ. ಮಣ್ಣು ಆರೋಗ್ಯ ಕಾರ್ಡಿನ 12 ಅಂಶಗಳಲ್ಲಿ ಸೀಸ, ಕ್ಯಾಡ್ಮಿಯಂ ಇಲ್ಲ. ಅವನ್ನು ಹೆಸರು ಹೇಳಿಯೇ ಕೇಳಬೇಕು. ಹೂಳಿಗೇ ಅಂತ ಮಿತಿ ಹುಡುಕುತ್ತ ಕೂಡೋ ಬದಲು, ನಗರ ಕಾಂಪೋಸ್ಟ್‌ಗೆ ಕೇಂದ್ರದ ರಸಗೊಬ್ಬರ ನಿಯಂತ್ರಣ ಆದೇಶ ಹಾಕಿದ ಮಿತಿಯನ್ನೇ ಅಳತೆಗೋಲು ಮಾಡ್ಕೋಬಹುದು: ಕಿಲೋಗೆ ಕ್ಯಾಡ್ಮಿಯಂ 5, ಸೀಸ 100, ನಿಕಲ್ 50, ಕ್ರೋಮಿಯಂ 50 ಮಿ.ಗ್ರಾಂ. ಜಂಬಿಟ್ಟಿಗೆ ಮಣ್ಣಿನಲ್ಲಿ ಕ್ರೋಮಿಯಂ, ನಿಕಲ್ ಸಹಜವಾಗಿಯೇ ಜಾಸ್ತಿ ಇರಬಹುದು. ಅದಕ್ಕೇ ನಿಮ್ಮ ಹೊಲದ ಮಣ್ಣಿನದೂ ಒಂದು ಮಾದರಿ ಜೊತೆಗೆ ಕೊಟ್ಟು ಎರಡನ್ನೂ ಹೋಲಿಸಿ ನೋಡ್ರಿ.

ವರದಿ ಬರೋ ತನಕ ಟ್ರಾಲಿ ಖಾಲಿ ಮಾಡಿಸಬ್ಯಾಡ್ರಿ.