ಪೆಡಲ್ ತುಳಿದರೂ ಮೋಟಾರು ಏಳದಿದ್ದರೆ

ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಚೆನ್ನೈಗೆ ಮಳೆಗಾಲ. ಎಗ್ಮೋರಿನ ಬೀದಿಗಳಲ್ಲಿ ನೀರು ನಿಂತಾಗ ಎಲೆಕ್ಟ್ರಿಕ್ ಸೈಕಲ್ಲಿಗೆ ತಗಲುವ ಕಾಯಿಲೆಯೊಂದಿದೆ: ಎಷ್ಟು ತುಳಿದರೂ ಮೋಟಾರು ನೆರವಿಗೆ ಬಾರದು. ಮಂಡಿನೋವಿನ ಹಿರಿಯರಿಗೆ ಇದು ಸಣ್ಣ ತೊಂದರೆಯಲ್ಲ. ಮೋಟಾರು, ಬ್ಯಾಟರಿಗೆಂದು ಸಾವಿರಾರು ರೂಪಾಯಿ ಸುರಿಯುವ ಮುನ್ನ ಪೆಡಲ್ ಸೆನ್ಸರನ್ನು ಪರೀಕ್ಷಿಸುವುದು ಜಾಣತನ.

ಪೆಡಲಿನ ಅಚ್ಚಿನೊಡನೆ ತಿರುಗುವ ಬಿಲ್ಲೆಯಲ್ಲಿ ಪುಟ್ಟ ಆಯಸ್ಕಾಂತಗಳಿರುತ್ತವೆ. ಅವು ಹಾದುಹೋಗುವುದನ್ನು ಪಕ್ಕದ ಸೆನ್ಸರ್ ಗುರುತಿಸಿ ಕಂಟ್ರೋಲರಿಗೆ ಸುದ್ದಿ ಮುಟ್ಟಿಸುತ್ತದೆ. ಇದಕ್ಕೆ ಆಧಾರ, ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ಹಾಲ್ ಪರಿಣಾಮ.

ಕೈಯ ಥ್ರಾಟಲ್ ತಿರುಗಿಸಿದಾಗ ಚಕ್ರ ಓಡಿದರೆ ಬ್ಯಾಟರಿ, ಮೋಟಾರು ಸರಿಯಿವೆಯೆಂದೇ ಅರ್ಥ. ಡಿಸ್‌ಪ್ಲೇಯಲ್ಲಿ ನೆರವಿನ ಮಟ್ಟ ಸೊನ್ನೆಯಲ್ಲಿಲ್ಲವೆಂದು ಖಚಿತಪಡಿಸಿಕೊಳ್ಳಿ. ಆಮೇಲೆ ಬ್ಯಾಟರಿ ತೆಗೆದು ನೋಡಿ: ಬಿಲ್ಲೆ ಜಾರಿ ಸೆನ್ಸರಿನಿಂದ ದೂರ ಸರಿದಿದೆಯೇ? ತಂತಿ ತುಂಡಾಗಿದೆಯೇ? ಕನೆಕ್ಟರಿನಲ್ಲಿ ಕಿಲುಬು ಕಟ್ಟಿದೆಯೇ? ಎಷ್ಟೋ ಬಾರಿ ಬಿಲ್ಲೆಯನ್ನು ಸರಿಯಾಗಿ ಕೂರಿಸಿ, ಕನೆಕ್ಟರನ್ನು ಸ್ಪಿರಿಟ್ಟಿನಿಂದ ಒರೆಸಿ ಒಣಗಿಸಿದರೆ ಕೆಲಸ ಮುಗಿಯಿತು.

ಇಷ್ಟಕ್ಕೂ ಜಗ್ಗದಿದ್ದರೆ ಮಲ್ಟಿಮೀಟರ್ ಬೇಕು. ಬ್ಯಾಟರಿ ಜೋಡಿಸಿ, ಮೋಟಾರಿನ ಚಕ್ರವನ್ನು ನೆಲದಿಂದ ಎತ್ತಿಡಿ. ಸಾಮಾನ್ಯ ಮೂರು ತಂತಿಯ ಸೆನ್ಸರಿನಲ್ಲಿ ಕೆಂಪು, ಕಪ್ಪು ತಂತಿಗಳ ನಡುವೆ ಸುಮಾರು 5 ವೋಲ್ಟ್ ಇರಬೇಕು. ಇಲ್ಲದಿದ್ದರೆ ದೋಷ ಕಂಟ್ರೋಲರಿನಲ್ಲೋ ತಂತಿಯಲ್ಲೋ ಇದೆ. ಇದ್ದರೆ, ಪೆಡಲನ್ನು ನಿಧಾನವಾಗಿ ಮುಂದಕ್ಕೆ ತಿರುಗಿಸುತ್ತ ಮೂರನೆಯ ತಂತಿಯನ್ನು ಅಳೆಯಿರಿ. ಅಂಕಿ ಏರಿಳಿಯದೆ ಒಂದೇ ಕಡೆ ನಿಂತರೆ ಸೆನ್ಸರ್ ಕೆಟ್ಟಿದೆ.

ಎಗ್ಮೋರಿನವರಿಗೆ ರಿಚಿ ಸ್ಟ್ರೀಟಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳು ದೂರವಲ್ಲ. ಹೊಸ ಸೆನ್ಸರ್ ಕೊಳ್ಳಲು ಹೊರಟಾಗ ಹಳೆಯದನ್ನೂ ಒಯ್ಯಿರಿ. ಕನೆಕ್ಟರ್ ಮತ್ತು ತಂತಿಗಳ ಕ್ರಮ ಹೊಂದಲೇಬೇಕು. ವಾರಂಟಿ ಇನ್ನೂ ಇದ್ದರೆ ಏನನ್ನೂ ಬಿಚ್ಚದೆ ಮಾರಿದವರಲ್ಲಿಗೇ ಕೊಂಡೊಯ್ಯುವುದು ಲೇಸು.